ಮ್ಯೂಸಿಯಂನಲ್ಲಿ ಹಾಲು ಉಕ್ಕಿತು

ಗೈಡ್ ಎಂಬ ಪ್ರಾಣಿಯ ಬಗ್ಗೆ ನನಗೆ ಮೊದಲಿನಿಂದಲೂ ಗೌರವ ಕಡಿಮೆ. ಅವನು ಕೊಡೆ ಎತ್ತಿ ಹಿಡಿದು ಮುಂದೆ ನಡೆಯುವುದು, ಹಿಂದೆ ಒಂದು ಹಿಂಡು ಜನ ಓಡುವುದು, ಅವನು ‘ಎಡಕ್ಕೆ ನೋಡಿ’ ಎಂದರೆ ಅಷ್ಟೂ ಕತ್ತುಗಳು ಎಡಕ್ಕೆ ತಿರುಗುವುದು! ನಾಲ್ಕಕ್ಷರ ಕಲಿತು, ಕೈಯಲ್ಲಿ ಫೋನ್ ಹಿಡಿದ ಮನುಷ್ಯನಿಗೆ ಇದೆಲ್ಲ ಯಾಕೆ ಬೇಕು? ಹಾಗಾಗಿ ಆಲ್ಪ್ಸ್ ಪರ್ವತದ ಕಣಿವೆಗೆ ಹೋಗುವ ಮಾತು ಬಂದಾಗ ನಾನು ಹಿಂದೆ ಮುಂದೆ ನೋಡದೆ, “ಗೈಡ್ ಯಾಕ್ರೀ? ನಾ ಇಲ್ಲೇನು?” ಎಂದುಬಿಟ್ಟೆ.

ಈ ಐತಿಹಾಸಿಕ ಘೋಷಣೆ ಹೊರಬಿದ್ದದ್ದು ಟೆಕ್ಸಾಸಿನ ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ. ಡಲ್ಲಾಸ್ ಹತ್ತಿರದ ಲಿಟಲ್ ಎಲ್ಮ್‌ನಿಂದ ನಮ್ಮ ಹಳೆಯ ಸ್ನೇಹಿತರಾದ ಮೋಹನ್ ಮತ್ತು ವಸುಧಾ ವಾರಾಂತ್ಯಕ್ಕೆ ಬಂದಿದ್ದರು. ಮೋಹನ್ ಮೈಸೂರಿನವರು, ಕಣ್ಣಿನ ಡಾಕ್ಟರು, ಇತ್ತೀಚೆಗೆ ರಿಟೈರ್ ಆದವರು. ದಿನಾ ಬೆಳಿಗ್ಗೆ ಕೆರೆ ದಂಡೆಯಲ್ಲಿ ವಾಕ್ ಮಾಡುತ್ತಾರೆ. ಮಾಡಿದ್ದನ್ನು ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ನಮಗೆಲ್ಲ ತಿಳಿಸುತ್ತಾರೆ. ನಾನು ಹುಬ್ಬಳ್ಳಿಯವನು. ಎಣ್ಣೆ ಪೈಪುಗಳ ಎಂಜಿನಿಯರ್ ಆಗಿ ಇಡೀ ಆಯುಷ್ಯ ಕಳೆದು ಈಗ ಮನೆಯಲ್ಲಿದ್ದೇನೆ.

ನನ್ನ ಹೆಂಡತಿ ಸುಮಂಗಲಾಗೆ ಹಳೆಯದರ ಹುಚ್ಚು. ಹಳೆಯ ಮನೆ, ಹಳೆಯ ಒಲೆ, ಹಳೆಯ ಪಾತ್ರೆ ಎಂದರೆ ಉಣ್ಣುವುದನ್ನು ಬಿಟ್ಟು ಎದ್ದು ಹೋಗುತ್ತಾಳೆ. ನನ್ನನ್ನು ಇಷ್ಟು ವರ್ಷ ಇಟ್ಟುಕೊಂಡಿರುವುದೂ ಅದೇ ಕಾರಣಕ್ಕೆ ಇರಬಹುದು. ಅವಳು ಎಂದೋ ಟೀವಿಯಲ್ಲಿ ಸ್ವಿಟ್ಜರ್ಲೆಂಡಿನ ಒಂದು ಕಣಿವೆಯನ್ನು ನೋಡಿದ್ದಳು. ಬಿಸಿಲಿಗೆ ಕಪ್ಪಾದ ಮರದ ಮನೆಗಳು, ಕಿಟಕಿ ತುಂಬ ಕೆಂಪು ಹೂವು. ಬೇಸಿಗೆಯೆಲ್ಲ ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ ಮೇಯ್ದ ಹಸುಗಳು ಚಳಿ ಶುರುವಾಗುವ ಹೊತ್ತಿಗೆ ತಲೆಯ ಮೇಲೆ ಹೂವಿನ ಕಿರೀಟ ಇಟ್ಟುಕೊಂಡು, ಗಂಟೆ ಬಾರಿಸುತ್ತ ಊರಿಗೆ ಇಳಿದು ಬರುತ್ತವೆ. ಅದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಅವಳ ಆಸೆ. ‘ಮುಂದಿನ ವರ್ಷ’ ಎಂದು ನಾನು ಹೇಳುತ್ತ ಬಂದಿದ್ದೆ. ಮುಂದಿನ ವರ್ಷಗಳು ಒಂದರ ಹಿಂದೊಂದು ಹಿಂದಿನ ವರ್ಷಗಳಾಗಿ ಹೋಗಿದ್ದವು.

“ಬಸವರಾಜ್, ನಿಮಗೆ ಆ ಊರಿನ ಬಗ್ಗೆ ಏನಾದ್ರೂ ಗೊತ್ತಾ?” ಎಂದು ಮೋಹನ್ ಅನುಮಾನದಿಂದ ಕೇಳಿದರು.

“ಗೊತ್ತು ಮಾಡ್ಕೋತೀನ್ರಿ. ಅದೇನು ರಾಕೆಟ್ ಬಿಡೋದೇನು?”

ಆಸ್ಟಿನ್‌ನಲ್ಲಿರುವ ನಮ್ಮ ಮಗಳು ಕಾವ್ಯಾ ಫೋನಿನ ಸ್ಪೀಕರಿನಲ್ಲಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. “ಅಪ್ಪಾ, ಪ್ಲೀಸ್, ಜಸ್ಟ್ ಬುಕ್ ಅ ಗೈಡ್!” ಎಂದಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ. ಅದೇ ತೊಂದರೆ.

ಸುಮಂಗಲಾ ಮಾತ್ರ ರೊಟ್ಟಿ ಬಡಿಸುತ್ತ ಮೆಲ್ಲಗೆ, “ನೋಡ್ರಿ, ನಾ ನಿಮ್ಮನ್ನ ಬಂಗಾರ ಕೇಳಿಲ್ಲ, ಬೆಳ್ಳಿ ಕೇಳಿಲ್ಲ. ಇದೊಂದು ಕೆಡಸಬ್ಯಾಡ್ರಿ ಮತ್ತ” ಎಂದಳು. ಅವಳು ಜಗಳಕ್ಕೆ ನಿಂತಿದ್ದರೆ ನನಗೆ ಭಯವಿರಲಿಲ್ಲ. ಮೆಲ್ಲಗೆ ಹೇಳಿದಳು. ಆದ್ದರಿಂದ ನಾನು ಸಿದ್ಧತೆಗೆ ಗಂಭೀರವಾಗಿಯೇ ಇಳಿದೆ.

ಮೊದಲನೆಯದು ದೇಹದ ಸಿದ್ಧತೆ. ಆಲ್ಪ್ಸ್ ಹತ್ತಲು ಅಭ್ಯಾಸ ಬೇಕು, ಅಭ್ಯಾಸಕ್ಕೆ ಬೆಟ್ಟ ಬೇಕು. ಹ್ಯೂಸ್ಟನ್ ಸುತ್ತ ಎತ್ತರದ ಜಾಗವೆಂದರೆ ಫ್ಲೈಓವರ್. ಅದರ ಮೇಲೆ ನಡೆದರೆ ಪೊಲೀಸರು ಬರುತ್ತಾರೆ. ಕೊನೆಗೆ ಒಂದು ದೊಡ್ಡ ಪಾರ್ಕಿಂಗ್ ಗರಾಜನ್ನೇ ನನ್ನ ಪರ್ವತವೆಂದು ಸ್ವೀಕರಿಸಿದೆ. ಬೆನ್ನಿನ ಚೀಲದಲ್ಲಿ ಸೋನಾ ಮಸೂರಿ ಅಕ್ಕಿ ತುಂಬಿಕೊಂಡು ದಿನಾ ಅದರ ಇಳಿಜಾರು ಹತ್ತಿ ಇಳಿಯುತ್ತಿದ್ದೆ. ಅಲ್ಲಿಯ ಸೆಕ್ಯುರಿಟಿಯವನು ಒಂದು ವಾರ ನೋಡಿ, ಕನಿಕರದಿಂದ ಬಂದು, “ಕಾರು ಇನ್ನೂ ಸಿಗಲಿಲ್ಲವೇ ಸರ್?” ಎಂದ.

“ಇಲ್ಲಪ್ಪ, ನಾನು ಆಲ್ಪ್ಸ್‌ಗೆ ಹೊರಟಿದ್ದೇನೆ” ಎಂದೆ.

“ಅದು ಯಾವ ಲೆವೆಲ್‌ನಲ್ಲಿದೆ ಸರ್?” ಎಂದ.

ಎರಡನೆಯದು ಭಾಷೆ. ಫೋನಿನಲ್ಲಿ ಜರ್ಮನ್ ಪಾಠ ಶುರು ಮಾಡಿದೆ. ‘ನನ್ನ ಅತ್ತೆ ಸೇಬು ತಿನ್ನುತ್ತಾಳೆ’, ‘ಇದು ಬಹಳ ಸುಂದರ, ಬಹಳ ಹಳೆಯದು’ ಮುಂತಾದ ಜೀವನಾವಶ್ಯಕ ವಾಕ್ಯಗಳು ಬಾಯಿಗೆ ಬಂದವು. ಮೂರನೆಯದು ಜ್ಞಾನ. ಆ ಕಣಿವೆಯ ಬಗ್ಗೆ ಸಿಕ್ಕ ವಿಡಿಯೋಗಳನ್ನೆಲ್ಲ ನೋಡಿದೆ. ಅಲ್ಲಿ ಒಂದು ಹಳೆಯ ಮನೆಯನ್ನು ಮ್ಯೂಸಿಯಂ ಮಾಡಿದ್ದಾರೆಂದೂ, ಅದು ಚರ್ಚಿನ ಹಿಂದಿನ ಓಣಿಯಲ್ಲಿದೆಯೆಂದೂ, ಕಪ್ಪು ಮರದ ಗೋಡೆ, ಚಪ್ಪಡಿ ಕಲ್ಲಿನ ಮಾಡು, ಕಿಟಕಿಯಲ್ಲಿ ಕೆಂಪು ಹೂವು ಇದೆಯೆಂದೂ ಮನನ ಮಾಡಿಕೊಂಡೆ.

ಊರಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಲ್ಲಿಯವರು ನನ್ನ ಹೆಸರನ್ನು ಮರೆಯಲಿ ಎಂಬ ಆಸೆಯಿಂದ ನಾನೂ ಅವರ ಊರಿನ ಹೆಸರನ್ನು ಮರೆತಿದ್ದೇನೆ.

ಅಂತೂ ನಾವು ನಾಲ್ವರೂ ಹೋದೆವು. ರೈಲು ಇಳಿದು ಹಳದಿ ಬಸ್ಸು ಹತ್ತಿ, ಪ್ರಪಾತದ ಅಂಚಿನಲ್ಲಿ ತಿರುವುಗಳನ್ನು ದಾಟಿ, ಆ ಕಣಿವೆಯಲ್ಲಿ ಇಳಿದೆವು. ಮೇಲೆ ಹಿಮ, ಅದರ ಕೆಳಗೆ ಹಳದಿಗೆ ತಿರುಗುತ್ತಿದ್ದ ಮರಗಳು, ಅದರ ಕೆಳಗೆ ಹಸಿರು ಹುಲ್ಲು. ಎಲ್ಲಕ್ಕೂ ಕೆಳಗೆ ಮಜ್ಜಿಗೆ ಬಣ್ಣದ ಹೊಳೆಯೊಂದು ಸದ್ದು ಮಾಡುತ್ತ ಓಡುತ್ತಿತ್ತು. ಸುಮಂಗಲಾ ಬ್ಯಾಗನ್ನು ನೆಲಕ್ಕಿಟ್ಟು ಮರದ ಮನೆಗಳನ್ನು ಒಂದೊಂದಾಗಿ ನೋಡತೊಡಗಿದಳು. ಮಾರನೆಯ ದಿನವೇ ಹಸುಗಳು ಇಳಿಯುವ ಹಬ್ಬ. ಎಲ್ಲವೂ ನನ್ನ ಯೋಜನೆಯಂತೆಯೇ ನಡೆದಿತ್ತು!

ಮರುದಿನ ಬೆಳಿಗ್ಗೆ ತಿಂಡಿ ಮುಗಿಸಿ ನನ್ನ ತಂಡವನ್ನು ಹೊರಡಿಸಿದೆ. ದಾರಿಯಲ್ಲಿ ಮರದ ಕಣಜಗಳು ಕಂಡವು. ಒಂದೊಂದು ಕಣಜವೂ ಮೊಳಕಾಲೆತ್ತರದ ಮರದ ಕಂಬಗಳ ಮೇಲೆ ನಿಂತಿತ್ತು. ಕಂಬಕ್ಕೂ ಕಣಜಕ್ಕೂ ನಡುವೆ ಅಗಲವಾದ ದುಂಡು ಕಲ್ಲುಗಳು.

“ಇದೇನ್ ಕಲ್ಲು ಬಸವರಾಜ್?” ಎಂದು ವಸುಧಾ ಕೇಳಿದರು.

ಈ ಕಲ್ಲಿನ ವಿಡಿಯೋ ನಾನು ನೋಡಿರಲಿಲ್ಲ. ಆದರೆ ಗೈಡ್ ಆದವನು ಗೊತ್ತಿಲ್ಲ ಎನ್ನಬಾರದು. “ಬೀಸೋಕಲ್ಲು. ಸವದು ಹ್ವಾದ ಮ್ಯಾಲೆ ಇಲ್ಲಿ ಇಡ್ತಾರ” ಎಂದೆ. ಮೋಹನ್ ಅದನ್ನು ಫೋಟೋ ತೆಗೆದು, ಹಾಗೆಯೇ ಬರೆದು ವಾಟ್ಸಾಪಿಗೆ ಹಾಕಿದರು. ಇಲಿಗಳು ಕಂಬ ಹತ್ತಿ ಕಾಳಿಗೆ ಹೋಗದಂತೆ ತಡೆಯುವ ಕಲ್ಲುಗಳು ಅವು ಎಂದು ತಿಳಿಯುವ ಹೊತ್ತಿಗೆ ಟೆಕ್ಸಾಸಿನ ಅರ್ಧ ಕನ್ನಡಿಗರು ಬೀಸುಕಲ್ಲಿಗೆ ಹೆಬ್ಬೆರಳು ಎತ್ತಿಯಾಗಿತ್ತು.

ಚರ್ಚಿನ ಹಿಂದೆ ಓಣಿ ಇತ್ತು. ಓಣಿಯಲ್ಲಿ ಕಪ್ಪು ಮರದ ಗೋಡೆ, ಕಲ್ಲಿನ ಮಾಡು, ಕೆಂಪು ಹೂವಿನ ಮನೆ ಇತ್ತು. ಅಂಥವು ಇನ್ನೂ ಹನ್ನೆರಡಾದರೂ ಇದ್ದವು ಎಂಬುದನ್ನು ನನ್ನ ಮನಸ್ಸು ಗಣನೆಗೆ ತೆಗೆದುಕೊಳ್ಳಲಿಲ್ಲ. ಒಂದರ ಬಾಗಿಲು ತೆರೆದಿತ್ತು. ತೆರೆದ ಬಾಗಿಲೆಂದರೆ ಮ್ಯೂಸಿಯಂ. “ಬರ್ರಿ, ಬರ್ರಿ” ಎಂದು ಒಳನುಗ್ಗಿದೆ. ಹಣೆ ಬಾಗಿಲ ಚೌಕಟ್ಟಿಗೆ ಬಡಿಯಿತು.

“ಆಗಿನ ಕಾಲದ ಮಂದಿ ಗಿಡ್ಡ ಇದ್ರು” ಎಂದು ಹಣೆ ಉಜ್ಜಿಕೊಳ್ಳುತ್ತಲೇ ವಿವರಣೆ ಶುರು ಮಾಡಿದೆ.

“ಟಿಕೆಟ್ ಕೌಂಟರ್ರೇ ಕಾಣಿಸ್ತಿಲ್ವಲ್ರೀ?” ಎಂದರು ಮೋಹನ್.

“ಇಲ್ಲೆಲ್ಲಾ ನಂಬಿಕಿ ಮ್ಯಾಲೆ ನಡೀತೈತ್ರಿ. ನಮ್ಮಂಗಲ್ಲ.”

ಒಳಗೆ ಒಂದು ಕೋಣೆ. ಮೂಲೆಯಲ್ಲಿ ಕಲ್ಲಿನ ದೊಡ್ಡ ಒಲೆ, ಗೋಡೆಗೆ ಶಿಲುಬೆ, ಮಹಡಿಗೆ ಸಣ್ಣ ಏಣಿ, ಬೆಣ್ಣೆ ಕಡೆಯುವ ಮರದ ಕೊಡ. ಸುಮಂಗಲಾ ಆ ಕೊಡದ ಮುಂದೆ ಕೂತೇಬಿಟ್ಟಳು. “ನಮ್ಮ ಅಜ್ಜಿ ಕಡಗೋಲಿನಂಗ ಐತ್ರೀ!” ಎಂದು ಅವಳ ಕಣ್ಣು ಅರಳಿತು. ನನ್ನ ಎದೆ ಒಂದು ಇಂಚು ಉಬ್ಬಿತು. ಆಮೇಲೆ ಅವಳು ಅಡಿಗೆಮನೆ ನೋಡಲು ಹಿಂದಕ್ಕೆ ಹೋದಳು. ನಾವು ಮೂವರು ಮಲಗುವ ಕೋಣೆಗೆ ಹೋದೆವು.

“ಅಯ್ಯೋ, ಎಷ್ಟು ನೀಟಾಗಿ ಇಟ್ಕೊಂಡಿದಾರೆ ನೋಡಿ!” ಎಂದರು ವಸುಧಾ. ಮರದ ಮಂಚ, ದಪ್ಪ ರಜಾಯಿ, ಪಕ್ಕದಲ್ಲಿ ಒಂದು ಕನ್ನಡಕ. ರಜಾಯಿಯ ಮೇಲೆ ಒಂದು ಬೂದು ಬೆಕ್ಕು.

“ಈ ಬೆಕ್ಕು ಸ್ಟಫ್ ಮಾಡಿರೋದಾ?” ಎಂದು ಮೋಹನ್ ಬಗ್ಗಿ ನೋಡಿದರು. ಕಣ್ಣಿನ ಡಾಕ್ಟರು!

“ಹೌದ್ರಿ, ಹುಲ್ಲು ತುಂಬಿದ್ದು” ಎಂದು ನಾನು ಅದರ ಹೊಟ್ಟೆಯನ್ನು ಒತ್ತಿ ತೋರಿಸಿದೆ. ಹುಲ್ಲು ತುಂಬಿದ ಬೆಕ್ಕು ಕಣ್ಣು ತೆರೆದು, ನನ್ನ ಕೈಯನ್ನು ಉದ್ದಕ್ಕೆ ಪರಚಿ, ಕಿಟಕಿಯಿಂದ ಹಾರಿ ಹೋಯಿತು.

ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ನಾನು, “ಮ್ಯೂಸಿಯಂದಾಗ ಇಲಿ ಇರ್ತಾವಲ್ರಿ, ಅದಕ್ಕ ಸಾಕ್ಯಾರ” ಎಂದೆ. ಅಷ್ಟಕ್ಕೇ ಬಿಡದೆ, ಹಿಂದಿನ ಕಾಲದ ಜನ ಪೂರ್ತಿ ಮಲಗದೆ ದಿಂಬಿಗೆ ಒರಗಿ ಅರ್ಧ ಕೂತೇ ನಿದ್ದೆ ಮಾಡುತ್ತಿದ್ದರು ಎಂಬ ಸಂಗತಿಯನ್ನು ಪ್ರಾತ್ಯಕ್ಷಿಕೆಯ ಮೂಲಕ ತೋರಿಸಲು ಬೂಟು ಬಿಚ್ಚಿ ಮಂಚ ಹತ್ತಿ, ರಜಾಯಿ ಹೊದ್ದುಕೊಂಡೆ. ಕಾಲಿಗೆ ಬೆಚ್ಚಗೆ ಏನೋ ತಾಗಿತು.

“ಆಹಾ! ಬಿಸಿನೀರಿನ ಚೀಲ ಸುದ್ದಾ ಇಟ್ಟಾರ ನೋಡ್ರಿ. ಇದಕ್ಕಂತಾರ ಹೆರಿಟೇಜ್!”

ವಸುಧಾ ಫೋಟೋ ತೆಗೆದರು. ಆಗ ಅಡಿಗೆಮನೆಯಿಂದ ಸುಮಂಗಲಾಳ ಕೂಗು ಕೇಳಿತು.

“ರೀ! ಹಾಲು ಉಕ್ಕಾಕತ್ತೈತ್ರೀ!”

ಒಲೆ ಆರಿಸಿದ ಸದ್ದು, ಉಫ್ ಉಫ್ ಎಂದು ಊದಿದ ಸದ್ದು. ಆಮೇಲೆ ಅವಳು ಕೈಯಲ್ಲಿ ಅರಿವೆ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತಳು. ನಾನು ಮಂಚದಲ್ಲಿದ್ದೆ. ನನ್ನನ್ನು ಒಮ್ಮೆ ಕಾಲಿನಿಂದ ತಲೆಯವರೆಗೆ ನೋಡಿದಳು.

“ಮ್ಯೂಸಿಯಂದಾಗ ಯಾರರೆ ಹಾಲು ಕಾಸ್ತಾರೇನ್ರಿ?”

“ಡೆಮೊ ಇರಬೇಕು” ಎಂದೆ. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಒಬ್ಬ ಮುದುಕಿ ಒಳಗೆ ಬಂದಳು. ನೀಲಿ ಏಪ್ರನ್, ತಲೆಗೆ ಬಟ್ಟೆ, ತೋಳಿನ ತುಂಬ ಸೌದೆ. ನನ್ನ ಪ್ರಾಣ ತಿರುಗಿ ಬಂತು. ಇದೋ ಡೆಮೊ! ಹಳೆಯ ಕಾಲದ ವೇಷ ಹಾಕಿದ ಮ್ಯೂಸಿಯಂ ನೌಕರಳು! ನಾನು ಮಂಚದಲ್ಲಿ ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದೆ.

ಅವಳ ತೋಳಿನಿಂದ ಸೌದೆ ಒಂದೊಂದಾಗಿ ಬಿದ್ದವು.

ಸನ್ನಿವೇಶವನ್ನು ಹಗುರ ಮಾಡಲು ನಾನು ಕಲಿತ ಜರ್ಮನ್ನನ್ನು ಹೊರತೆಗೆದೆ. “ಬಹಳ ಸುಂದರ, ಬಹಳ ಹಳೆಯದು!” ಎಂದೆ, ಮನೆಯನ್ನು ಉದ್ದೇಶಿಸಿ. ದುರದೃಷ್ಟವಶಾತ್ ಕೈ ಅವಳ ಕಡೆಗೆ ಇತ್ತು.

ಅವಳು ತಮ್ಮ ಕಣಿವೆಯ ಮಾತಿನಲ್ಲಿ ಏನೋ ಒಂದೇ ಉಸಿರಿಗೆ ಹೇಳಿದಳು. ಒಂದಕ್ಷರವೂ ತಿಳಿಯಲಿಲ್ಲ. “ಏನಂತೆ?” ಎಂದರು ಮೋಹನ್.

“ಸ್ವಾಗತ ಅನ್ನಾಕತ್ತಾಳ. ಮನಿ ಬಾಳ ಹಳೇದಂತ.”

“ಆಕಿ ಮಾರಿ ನೋಡ್ರಿ” ಎಂದಳು ಸುಮಂಗಲಾ. “ಅದು ಸ್ವಾಗತದ ಮಾರಿ ಏನು?”

ಮುದುಕಿ ನೀಳವಾಗಿ ಉಸಿರೆಳೆದುಕೊಂಡು, ಈ ಸಲ ಸ್ವಚ್ಛವಾದ ಇಂಗ್ಲಿಷಿನಲ್ಲಿ ಹೇಳಿದಳು: “ಸರ್, ಯು ಆರ್ ಇನ್ ಮೈ ಬೆಡ್.”

ನಾನು ಛಂಗನೆ ಎದ್ದೆ. ಮಂಚದ ಮೇಲಿನ ತೊಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬಾಗಿಲು ಅರ್ಧಕ್ಕೆ ಬಿಟ್ಟಿದ್ದ ಕೆಲಸವನ್ನು ತೊಲೆ ಪೂರ್ತಿ ಮಾಡಿತು. ಹಣೆಯಿಂದ ರಕ್ತ ಬಂತು. ನಾನು ಮತ್ತೆ ಅದೇ ಹಾಸಿಗೆಯ ಮೇಲೆ ಬಿದ್ದೆ!

ಆಮೇಲಿನದು ಮಂಜು ಮಂಜು. ಮೋಹನ್ ಗಾಯ ತೊಳೆಯುತ್ತಿದ್ದರು. ಆ ಮುದುಕಿ, ಅವಳ ಹೆಸರು ರೋಸಾ, ಕೆಂಪು ಚೌಕಳಿಯ ಅಡಿಗೆಮನೆ ಬಟ್ಟೆಯೊಂದನ್ನು ಹರಿದು ಕೊಟ್ಟಳು. ಮೋಹನ್ ಅದನ್ನು ನನ್ನ ತಲೆಗೆ ಸುತ್ತಿದರು. ಕಣ್ಣು ಮಾತ್ರ ಬಲ್ಲ ಡಾಕ್ಟರು ಸುತ್ತಿದ ಪಟ್ಟಿ. ನೋಡಲು ನಮ್ಮ ಕಡೆಯ ರೈತರು ತಲೆಗೆ ಸುತ್ತುವ ಪಟಕಾದ ಹಾಗೆಯೇ ಇತ್ತು. ಆ ಕಡೆ ಸುಮಂಗಲಾ ಕೈ ಮುಗಿದು, ಮುಖ ಕೆಂಪಗೆ ಮಾಡಿಕೊಂಡು ಕ್ಷಮೆ ಕೇಳುತ್ತಿದ್ದಳು.

“ಹಾಲು ಉಳಿಸಿದ್ದು ನೀವಾ?” ಎಂದು ರೋಸಾ ಕೇಳಿದಳು.

“ಹೌದು. ಕಟ್ಟೆಯ ಮೇಲೆ ಚೆಲ್ಲಿದ್ದನ್ನೂ ಒರೆಸಿದ್ದೇನೆ” ಎಂದಳು ಸುಮಂಗಲಾ, ಇಂಗ್ಲಿಷಿನಲ್ಲಿ.

ರೋಸಾ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಚಿಕ್ಕಂದಿನಲ್ಲಿ ಹೋಟೆಲಿನಲ್ಲಿ ಕೆಲಸ ಮಾಡಿ ಇಂಗ್ಲಿಷ್ ಕಲಿತಿದ್ದಳಂತೆ. ಅಲ್ಲಿ ಎಂಥೆಂಥ ಪ್ರವಾಸಿಗರನ್ನೋ ನೋಡಿದ್ದಳಂತೆ, ಹಾಸಿಗೆಯಲ್ಲಿ ಕೂತು ಚಪ್ಪಾಳೆ ತಟ್ಟಿದವರು ಯಾರೂ ಇರಲಿಲ್ಲವಂತೆ. ಎಲ್ಲರಿಗೂ ಅದೇ ಹಾಲಿನ ಕಾಫಿ ಕೊಟ್ಟಳು. ಕಣಜದ ಕಲ್ಲಿನ ನಿಜ ಸಂಗತಿಯೂ ಆಗಲೇ ಹೊರಬಂತು. ಮೋಹನ್ ನನ್ನ ಕಡೆ ನೋಡಿದ ನೋಟವನ್ನು ವರ್ಣಿಸುವುದಿಲ್ಲ.

“ಮ್ಯೂಸಿಯಂ ಆ ಕೊನೆಯ ಮನೆ. ಇವತ್ತು ಬಾಗಿಲು ಹಾಕಿದೆ. ಊರೆಲ್ಲ ಹಬ್ಬದಲ್ಲಿದೆಯಲ್ಲ” ಎಂದಳು ರೋಸಾ. ಇಳಿದು ಬರುವ ಹಸುಗಳು ಅವಳ ಮಗನವೇ. “ನನ್ನ ಮಹಡಿಯಿಂದಲೇ ನೋಡಿ. ರಸ್ತೆಗೆ ಇಳಿಯಬೇಡಿ. ಮುಂದಿನ ಹಸುವಿಗೆ ಇವತ್ತು ಸ್ವಲ್ಪ ಜಂಬ.”

ಎಲ್ಲರೂ ಮಹಡಿ ಹತ್ತಿದರು. ನಾನೊಬ್ಬ ಕೆಳಗೆ ಉಳಿದೆ. ಕಳೆದುಹೋದ ಮಾನವನ್ನು ಹೇಗಾದರೂ ತಿರುಗಿ ಪಡೆಯಬೇಕಿತ್ತು. ಜರ್ಮನ್ ಕೈ ಕೊಟ್ಟಿರಬಹುದು, ವಾಸ್ತುಶಿಲ್ಪ ಕೈ ಕೊಟ್ಟಿರಬಹುದು. ದನ ಕೈ ಕೊಡುತ್ತದೆಯೇ? ಹೆಸರಿನಲ್ಲೇ ಬಸವ ಇರುವ ಮನುಷ್ಯ ನಾನು! ಇಷ್ಟು ದೂರ ಬಂದು ಹೂವಿನ ಕಿರೀಟ ಹೊತ್ತ ಗೋಮಾತೆಗೆ ಮುಟ್ಟಿ ನಮಸ್ಕಾರ ಮಾಡದೆ ಹೋಗುವುದುಂಟೇ?

ಓಣಿಯ ಮೇಲಿನಿಂದ ಗಂಟೆಗಳ ಸದ್ದು ಬಂತು. ಎಂಥ ಸದ್ದು! ನೆಲವೇ ನಡುಗಿದಂತೆ. ತಿರುವಿನಲ್ಲಿ ಮೊದಲ ಹಸು ಕಾಣಿಸಿಕೊಂಡಿತು. ಕೊಡದಷ್ಟು ದೊಡ್ಡ ಗಂಟೆ, ಎರಡು ಕೊಂಬಿನ ನಡುವೆ ಗೋಪುರದಂಥ ಹೂವಿನ ಕಿರೀಟ. ನಾನು ರಸ್ತೆಗೆ ಇಳಿದು, ಮುಂದೆ ಹೋಗಿ ಹಣೆ ಮುಟ್ಟಲು ಕೈ ಚಾಚಿದೆ. ಹಸು ನನ್ನ ತಲೆಯ ಕೆಂಪು ಪಟಕಾವನ್ನು ನೋಡಿತು. ತನ್ನ ಕಿರೀಟಕ್ಕೆ ಇವನು ಪೈಪೋಟಿಗೆ ಬಂದನೆಂದು ತಿಳಿಯಿತೋ ಏನೋ, ತಲೆ ತಗ್ಗಿಸಿ ನೇರ ನನ್ನ ಕಡೆ ನಡೆಯತೊಡಗಿತು.

ನಾನು ಹಿಂದೆ ಸರಿದೆ. ಅದು ಮುಂದೆ ಬಂತು. ನಾನು ತಿರುಗಿ ನಡೆದೆ. ಅದೂ ವೇಗವಾಗಿ ನಡೆಯಿತು. ಓಣಿಯ ಎರಡೂ ಕಡೆ ಮನೆಗಳ ಗೋಡೆ, ಗೋಡೆಗೆ ಅಂಟಿ ನಿಂತ ಜನ. ನುಸುಳಲು ಒಂದು ಸಂದಿಯೂ ಇಲ್ಲ. ನಾನು ಓಡಿದೆ! ಹಿಂದೆ ಅಷ್ಟೂ ಹಸುಗಳು ಗಂಟೆ ಬಾರಿಸುತ್ತ ಬಂದವು. ಜನ ಚಪ್ಪಾಳೆ ತಟ್ಟಿದರು. ಹೊರಗಿನಿಂದ ಬಂದ ಪ್ರವಾಸಿಗರು ಫೋಟೋ ತೆಗೆದರು. ಒಬ್ಬ ಹೆಂಗಸು ತನ್ನ ಗಂಡನಿಗೆ ನನ್ನನ್ನು ಬೆರಳಿಟ್ಟು ತೋರಿಸಿ, ಮೆರವಣಿಗೆಯ ಮುಂದೆ ಕೆಂಪು ಪಟಕಾದವನು ಓಡುವುದು ಬಹಳ ಪುರಾತನ ಪದ್ಧತಿ ಎಂಬಂತೆ ವಿವರಿಸುತ್ತಿದ್ದಳು. ಪಾರ್ಕಿಂಗ್ ಗರಾಜಿನ ಅಭ್ಯಾಸ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಓಣಿ ಮುಗಿದಲ್ಲಿ ಊರಿನ ಚೌಕ. ಚೌಕದ ನಡುವೆ ದೊಡ್ಡ ಮರದ ದಿಮ್ಮಿಯನ್ನು ಕೊರೆದು ಮಾಡಿದ ನೀರಿನ ತೊಟ್ಟಿ. ನಾನು ಅದರ ಕಡೆಗೆ ತಿರುಗಿದೆ. ಹಸುಗಳೂ ಅಲ್ಲಿಗೇ ನೀರು ಕುಡಿಯಲು ಹೊರಟಿದ್ದವು ಎಂಬುದು ಆಮೇಲೆ ತಿಳಿಯಿತು. ಮುಗ್ಗರಿಸಿ ತೊಟ್ಟಿಯೊಳಗೆ ಬಿದ್ದೆ. ಹಿಮ ಕರಗಿದ ನೀರು! ಜಂಬದ ಹಸು ಬಂದು, ನನ್ನನ್ನು ಒಮ್ಮೆ ಮೂಸಿ ನೋಡಿ, ನನ್ನ ಪಕ್ಕದಲ್ಲೇ ಶಾಂತವಾಗಿ ನೀರು ಕುಡಿಯಿತು.

ಗಡ್ಡದ ಯುವಕನೊಬ್ಬ ನನ್ನನ್ನು ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದ. ಅವನೇ ರೋಸಾಳ ಮಗ. ಓಡಿ ಬಂದ ತಾಯಿಯನ್ನು, ಇವರು ಯಾರು ಎಂದು ಅವನು ಕೇಳಿದಂತಿತ್ತು. ರೋಸಾ ಏನೋ ಹೇಳಿದಳು. ಇಡೀ ಚೌಕ ಗೊಳ್ಳೆಂದು ನಕ್ಕಿತು. ಅವಳು ಹೇಳಿದ್ದೇನೆಂದು ನನ್ನ ಹೆಂಡತಿ ಆಮೇಲೆ ಅವಳನ್ನೇ ಕೇಳಿ ತಿಳಿದುಕೊಂಡಳು: “ಬೆಳಿಗ್ಗೆ ನನ್ನ ಹಾಸಿಗೆಯಲ್ಲಿ ಮಲಗಿದ್ದವರು!”

ರೋಸಾಳ ಮನೆಯ ಒಲೆಯ ಮುಂದೆ ಕಂಬಳಿ ಹೊದ್ದು ನಡುಗುತ್ತ ಕೂತಿದ್ದೆ. ಸುಮಂಗಲಾ ಪಕ್ಕದಲ್ಲಿ ಬಂದು ಕೂತಳು. ಅವಳ ಕಣ್ಣುಗಳು ಕೆಂಪಗಾಗಿದ್ದವು. ಅತ್ತಿದ್ದಾಳೆ ಎಂದುಕೊಂಡೆ.

“ಕೆಡಿಸಿಬಿಟ್ಟೆ, ಹೌದಲ್ಲ?” ಎಂದೆ.

ಅವಳು ಮಾತಾಡಲು ಬಾಯಿ ತೆರೆದಳು. ನಗು ಬಂತು. ಸೆರಗಿಲ್ಲದ್ದರಿಂದ ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡಳು. ಮತ್ತೆ ನಕ್ಕಳು. “ಮ್ಯಾಲಿಂದ ಎಲ್ಲಾ ಕಾಣ್ತಿತ್ರಿ” ಎಂದಳು. “ಹೂವು, ಗಂಟಿ, ಹಸು, ನೀವು. ಟೀವಿಯಾಗ ಇಷ್ಟು ಚಂದ ತೋರಿಸಿರಲಿಲ್ಲ ಬಿಡ್ರಿ.” ತಲೆಯ ಒದ್ದೆ ಪಟಕಾವನ್ನು ಬಿಚ್ಚಿ, ಹಿಂಡಿ, ಒಲೆಯ ಮೇಲೆ ಒಣಹಾಕಿದಳು.

ಕಥೆ ನಮಗಿಂತ ಮೊದಲೇ ಟೆಕ್ಸಾಸ್ ತಲುಪಿತ್ತು. ವಸುಧಾ ತೆಗೆದ ಫೋಟೋ ಡಲ್ಲಾಸಿನಿಂದ ಆಸ್ಟಿನ್‌ಗೆ, ಆಸ್ಟಿನ್‌ನಿಂದ ಹ್ಯೂಸ್ಟನ್‌ಗೆ ಓಡಾಡಿತ್ತು. ಹ್ಯೂಸ್ಟನ್‌ನ ಇಂಡಿಯನ್ ಅಂಗಡಿಗಳ ಬೀದಿ ಹಿಲ್‌ಕ್ರಾಫ್ಟ್‌ನಲ್ಲಿ ತರಕಾರಿ ತರಲು ಹೋದರೆ, ಪರಿಚಯವೇ ಇಲ್ಲದ ಹುಡುಗಿಯೊಬ್ಬಳು ಹತ್ತಿರ ಬಂದು, “ಅಂಕಲ್, ಆ ಬೆಡ್ ಅಂಕಲ್ ನೀವೇ ಅಲ್ವಾ?” ಎಂದು ಸೆಲ್ಫಿ ಕೇಳಿದಳು.

ಸುಮಂಗಲಾ ಮತ್ತು ರೋಸಾ ಈಗ ವಾರಕ್ಕೊಮ್ಮೆ ವಿಡಿಯೋ ಕಾಲಿನಲ್ಲಿ ಮಾತಾಡುತ್ತಾರೆ. ಇವಳು ಬೆಣ್ಣೆ ಕಾಸಿ ತುಪ್ಪ ಮಾಡುವುದನ್ನು ತೋರಿಸುತ್ತಾಳೆ, ಅವಳು ಚೀಸ್ ತಿರುವಿ ಹಾಕುವುದನ್ನು ತೋರಿಸುತ್ತಾಳೆ. ನಾನು ಹಿಂದೆ ಹಾದುಹೋದರೆ ಇಬ್ಬರೂ ಮಾತು ನಿಲ್ಲಿಸುತ್ತಾರೆ. ಈ ವರ್ಷ ಹಬ್ಬಕ್ಕೆ ರೋಸಾ ಹೆಂಗಸರನ್ನು ಮನೆಗೇ ಕರೆದಿದ್ದಳು. ಸುಮಂಗಲಾ, ವಸುಧಾ, ಕಾವ್ಯಾ ಮೂವರೂ ಹೊರಟರು.

“ನಾನು?” ಎಂದೆ.

“ಯು ಡ್ರೈವ್ ಅಸ್ ಟು ದಿ ಏರ್‌ಪೋರ್ಟ್, ಅಪ್ಪಾ” ಎಂದಳು ಕಾವ್ಯಾ.

ಒಳ್ಳೆಯದೇ ಆಯಿತು. ಗೊತ್ತಿರುವ ಊರು, ಗೊತ್ತಿರುವ ರಸ್ತೆ, ನಾನೇ ಎಷ್ಟೋ ಸಲ ಓಡಾಡಿದ ವಿಮಾನ ನಿಲ್ದಾಣ. ದಾರಿಯುದ್ದಕ್ಕೂ ಅವರಿಗೆ ಕಣಿವೆಯ ಹವಾಮಾನ, ಬಟ್ಟೆ, ಬಸ್ಸಿನ ವ್ಯವಸ್ಥೆಗಳ ಬಗ್ಗೆ ಅಗತ್ಯ ಸಲಹೆಗಳನ್ನು ಕೊಟ್ಟೆ. ನಿಲ್ದಾಣದ ಮುಂದೆ ಕಾರು ನಿಲ್ಲಿಸಿ, ಪೆಟ್ಟಿಗೆಗಳನ್ನು ಇಳಿಸಿ, ಹೆಂಡತಿಗೆ ಕೈ ಬೀಸಿ, ಗಂಭೀರವಾಗಿ ಹೊರಟೆ. ಕನ್ನಡಿಯಲ್ಲಿ ನೋಡಿದರೆ ಮೂವರೂ ಕಾರಿನ ಹಿಂದೆ ಓಡಿ ಬರುತ್ತಿದ್ದಾರೆ. ಪ್ರೀತಿ ಎಂದುಕೊಂಡು ಕಿಟಕಿ ಇಳಿಸಿದೆ.

“ರೀ, ನಿಲ್ಲಸ್ರೀ!” ಎಂದು ಏದುಸಿರು ಬಿಡುತ್ತ ಸುಮಂಗಲಾ ಕೂಗಿದಳು. “ಇದು ವಿಮಾನದಿಂದ ಇಳಿದವರು ಹೊರಗ ಬರೋ ಬಾಗಲಾ!”